ಇಂಗ್ಲೆಂಡ್: ಬಾಡಿಗೆ ಮನೆ, ಹಿಂದಿನವರ ಸ್ಮಾರ್ಟ್ ಮೀಟರ್, ಸಪ್ಲೈಯರ್ ಬದಲಾಯಿಸಬೇಕು. ಎಲ್ಲಿಂದ ಶುರು ಮಾಡಲಿ?

ರೆಡಿಂಗ್ ಹೊಸಬ (ಪ್ರಶ್ನೆ)

ನಮಸ್ಕಾರ. ರೆಡಿಂಗ್‌ನಲ್ಲಿ ಬಾಡಿಗೆ ಮನೆ, ಇದೇ 3ನೇ ತಾರೀಖು ಕೀ ಸಿಕ್ಕಿದೆ. ಹಳೇ ಟೆರೇಸ್ ಮನೆಯನ್ನು ಮೇಲೊಂದು ಕೆಳಗೊಂದು ಫ್ಲಾಟ್ ಮಾಡಿದ್ದಾರೆ, ನಮ್ಮದು ಕೆಳಗಿನದು. ಕರೆಂಟು, ಗ್ಯಾಸು ಎರಡಕ್ಕೂ ಸ್ಮಾರ್ಟ್ ಮೀಟರ್ ಇದೆ. ಬಿಲ್ಲು ಬಾಡಿಗೆಯಲ್ಲಿ ಸೇರಿಲ್ಲ. ಹಿಂದಿನ ಬಾಡಿಗೆದಾರರ ಸಪ್ಲೈಯರ್‌ನಿಂದ "ದಿ ಆಕ್ಯುಪೈಯರ್" (ಮನೆಯಲ್ಲಿ ವಾಸವಿರುವವರು) ಹೆಸರಿಗೆ ಒಂದು ಪತ್ರ ಬಂದಿದೆ. ಅಡುಗೆಮನೆಯಲ್ಲಿ ಅವರು ಬಿಟ್ಟುಹೋದ ಸಣ್ಣ ಡಿಸ್‌ಪ್ಲೇ ಇದೆ, ಆನ್ ಮಾಡಿದರೆ ಏನೋ ಪೌಂಡ್ ಲೆಕ್ಕ ತೋರಿಸುತ್ತೆ.

ಕೇಳಬೇಕಾದ್ದು ಇಷ್ಟು:
1. ಸಪ್ಲೈಯರ್ ಬದಲಾಯಿಸಿದರೆ ಸ್ಮಾರ್ಟ್ ಮೀಟರ್ ಕೆಲಸ ನಿಲ್ಲಿಸುತ್ತಾ? ಹಾಗಂತ ಹಲವರು ಹೆದರಿಸಿದ್ದಾರೆ.
2. ಮನೆ ಓನರ್ ಒಪ್ಪಿಗೆ ಬೇಕಾ?
3. ಹಿಂದಿನವರ ಬಾಕಿ ನಮ್ಮ ತಲೆಗೆ ಬರುತ್ತಾ?
4. ಯಾವ ಪ್ಲಾನ್ ಅಗ್ಗ ಅಂತ ಹೋಲಿಸುವುದು ಹೇಗೆ?

ಕೀ ಸಿಕ್ಕ ದಿನವೇ ಎರಡೂ ಮೀಟರಿನ ಫೋಟೋ ತೆಗೆದಿಟ್ಟಿದ್ದೇನೆ. ಕರೆಂಟು 18342, ಗ್ಯಾಸು 04512.347.


ಮೀಟರ್ ಬೋರ್ಡ್

ಫೋಟೋ ತೆಗೆದಿಟ್ಟಿದ್ದೀರಲ್ಲ, ಅರ್ಧ ಕೆಲಸ ಆಯಿತು. ಅದರಲ್ಲಿ ಅಂಕಿಯ ಜೊತೆ ಮೀಟರಿನ ಸೀರಿಯಲ್ ನಂಬರೂ ಕಾಣುತ್ತಿದೆಯಾ ನೋಡಿ. ಕಾಣದಿದ್ದರೆ ಇವತ್ತೇ ಇನ್ನೊಂದು ತೆಗೆಯಿರಿ. ಏಕೆ ಅನ್ನುವುದು ಮುಂದೆ ಬರುತ್ತೆ.

ನಮ್ಮೂರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಅಂದರೆ ಕಂಬ, ತಂತಿ, ಮೀಟರು, ಬಿಲ್ಲು ಎಲ್ಲ ಒಂದೇ ಕಂಪನಿ. ಇಲ್ಲಿ ಅವೆಲ್ಲ ಬೇರೆ ಬೇರೆ. ನಿಮ್ಮ ಬೀದಿಯ ತಂತಿ ಸ್ಕಾಟಿಷ್ ಅಂಡ್ ಸದರ್ನ್ ಎಲೆಕ್ಟ್ರಿಸಿಟಿ ನೆಟ್‌ವರ್ಕ್ಸ್ ಕಂಪನಿಯದ್ದು. ಸ್ಮಾರ್ಟ್ ಮೀಟರಿನ ಸಂದೇಶ ಸಾಗಿಸುವುದು ಡಿಸಿಸಿ ಅನ್ನುವ ಡೇಟಾ ಕಂಪನಿ. ಸಪ್ಲೈಯರ್ ಅನ್ನಿಸಿಕೊಳ್ಳುವವನು ಕರೆಂಟು ಕೊಂಡು ನಿಮಗೆ ಮಾರಿ ಬಿಲ್ಲು ಕಳಿಸುವವನು, ಅಷ್ಟೇ. ನೀವು ಬದಲಾಯಿಸುವುದು ಇವನೊಬ್ಬನನ್ನೇ. ತಂತಿ ಅದೇ, ಪೈಪು ಅದೇ, ಮೀಟರು ಅದೇ. ಒಂದು ನಿಮಿಷವೂ ಕರೆಂಟು ಹೋಗುವುದಿಲ್ಲ, ಯಾರೂ ಮನೆಗೆ ಬರುವುದಿಲ್ಲ. ಕರೆಂಟು ಹೋದಾಗ ಫೋನ್ ಮಾಡಬೇಕಾದ್ದೂ ಸಪ್ಲೈಯರ್‌ಗಲ್ಲ, 105ಕ್ಕೆ.

ಸ್ಮಾರ್ಟ್ ಮೀಟರ್ "ಸಾಯುತ್ತೆ" ಅನ್ನುವುದು ಮೊದಲ ತಲೆಮಾರಿನ ಮೀಟರುಗಳ ಕಥೆ. ಸ್ಮೆಟ್ಸ್ 1 ಮೀಟರುಗಳು ಹಾಕಿದ ಸಪ್ಲೈಯರ್‌ನ ವ್ಯವಸ್ಥೆಗೇ ಕಟ್ಟಿಬಿದ್ದಿದ್ದವು. ಅವನನ್ನು ಬಿಟ್ಟು ಹೋದರೆ ಹೊಸ ಸಪ್ಲೈಯರ್‌ಗೆ ಅದರ ಜೊತೆ ಮಾತಾಡುವ ದಾರಿಯೇ ಇರಲಿಲ್ಲ, ಮೀಟರು ಮಾಮೂಲಿಯಾಗುತ್ತಿತ್ತು. 2019ರಿಂದ ಅವನ್ನೂ ಡಿಸಿಸಿ ಜಾಲಕ್ಕೆ ಸೇರಿಸುತ್ತಾ ಬಂದಿದ್ದಾರೆ. ಸ್ಮೆಟ್ಸ್ 2 ಮೀಟರುಗಳು ಹುಟ್ಟಿದ್ದೇ ಆ ಜಾಲದಲ್ಲಿ. ಕರೆಂಟ್ ಮೀಟರಿನ ನೆತ್ತಿಯ ಮೇಲೆ ಐದು ಸಣ್ಣ ದೀಪಗಳಿರುವ ಒಂದು ಡಬ್ಬಿ ಕೂತಿದ್ದರೆ ಅದು ಕಮ್ಯುನಿಕೇಷನ್ಸ್ ಹಬ್. ಅದಿದ್ದರೆ ನಿಮ್ಮದು ಸ್ಮೆಟ್ಸ್ 2 ಅನ್ನಬಹುದು.

ಸ್ಮೆಟ್ಸ್ 2ರಲ್ಲೂ ಒಂದು ಕಡೆ ಎಡವುತ್ತೆ. ಮೀಟರಿನೊಳಗೆ ಹಾಲಿ ಸಪ್ಲೈಯರ್‌ನ ಭದ್ರತಾ ಸರ್ಟಿಫಿಕೇಟ್ ಇರುತ್ತೆ. ಸ್ವಿಚ್ ದಿನ, ಅಂದರೆ ಸಪ್ಲೈಯರ್ ಬದಲಾಗುವ ದಿನ, ಡಿಸಿಸಿ ಮೂಲಕ ಅದನ್ನು ತೆಗೆದು ಹೊಸ ಸಪ್ಲೈಯರ್‌ನದ್ದನ್ನು ಕೂರಿಸಬೇಕು. ಬಾಗಿಲಿನ ಬೀಗ ಬದಲಾಯಿಸಿದಂತೆ. ಆ ಹೊತ್ತಿಗೆ ಹಬ್‌ಗೆ ಸಿಗ್ನಲ್ ಇಲ್ಲದಿದ್ದರೆ ಬೀಗ ಹಳೆಯದೇ ಉಳಿಯುತ್ತೆ, ಹೊಸ ಸಪ್ಲೈಯರ್ ರೀಡಿಂಗ್ ಓದಲಾರ. ಮೀಟರು ಎಣಿಸುವುದನ್ನಂತೂ ನಿಲ್ಲಿಸುವುದಿಲ್ಲ. ಕೈಯಾರೆ ರೀಡಿಂಗ್ ಕೊಟ್ಟುಕೊಂಡಿದ್ದರೆ ಬಿಲ್ಲು ಸರಿಯಾಗೇ ಬರುತ್ತೆ.

ಆದ್ದರಿಂದ ಸಪ್ಲೈಯರ್ ಬದಲಾಯಿಸುವ ಮೊದಲು ಹಬ್‌ನ ದೀಪ ನೋಡಿ. ಎಸ್‌ಡಬ್ಲ್ಯೂ, ವ್ಯಾನ್, ಮೆಶ್, ಹ್ಯಾನ್, ಗ್ಯಾಸ್ ಅಂತ ಬರೆದಿರುತ್ತೆ. ವ್ಯಾನ್ ಹೊರಗಿನ ಜಾಲ. ಹ್ಯಾನ್ ಅಂದರೆ ಮನೆಯೊಳಗೆ ಮೀಟರು, ಡಿಸ್‌ಪ್ಲೇ ಮಾತಾಡಿಕೊಳ್ಳುವ ಜಾಲ. ದೀಪ ಸುಮಾರು ಐದು ಸೆಕೆಂಡಿಗೊಮ್ಮೆ ನಿಧಾನವಾಗಿ ಮಿನುಗಿದರೆ ಎಲ್ಲ ಸರಿ. ಬೇಗಬೇಗ ಮಿನುಗಿದರೆ ಸಂಪರ್ಕಕ್ಕೆ ತಡಕಾಡುತ್ತಿದೆ. ಮೆಶ್ ಆರಿದ್ದರೆ ಚಿಂತೆ ಬೇಡ, ಬಹಳ ಮನೆಗಳಲ್ಲಿ ಅದು ಬೇಕಾಗುವುದೇ ಇಲ್ಲ.

ಓನರ್ ವಿಷಯ: ಸಪ್ಲೈಯರ್‌ಗೆ ನೀವೇ ನೇರವಾಗಿ ದುಡ್ಡು ಕಟ್ಟುವುದಾದರೆ ಆಯ್ಕೆ ನಿಮ್ಮದೇ. ಕರಾರಿನಲ್ಲಿ "ತಿಳಿಸಬೇಕು" ಅಂತಿದ್ದರೆ ಒಂದು ಇಮೇಲ್ ಹಾಕಿ. ಪ್ರೀಪೇ (ಮೊದಲೇ ದುಡ್ಡು ತುಂಬುವ) ಮೀಟರನ್ನು ಕ್ರೆಡಿಟ್ (ಬಳಸಿದ ಮೇಲೆ ಬಿಲ್ಲು ಬರುವ) ಮಾಡುವಂಥ ಬದಲಾವಣೆಯಾದರೆ, ಮನೆ ಬಿಡುವಾಗ ಮೊದಲಿದ್ದಂತೆ ಮಾಡಿಕೊಡಿ ಎಂದು ಓನರ್ ಕೇಳಬಹುದು, ಹಾಗಾಗಿ ಮೊದಲೇ ಮಾತಾಡಿಕೊಳ್ಳಿ.

ಹಿಂದಿನವರ ಬಾಕಿ ನಿಮ್ಮದಲ್ಲ. ಆದರೆ ಆಕ್ಯುಪೈಯರ್ ಪತ್ರವನ್ನು ಎಸೆಯಬೇಡಿ. ಆ ಸಪ್ಲೈಯರ್‌ಗೆ ಫೋನ್ ಮಾಡಿ, 3ನೇ ತಾರೀಖಿನಿಂದ ನಿಮ್ಮ ಹೆಸರಿಗೆ ಖಾತೆ ತೆರೆಸಿ, ಆ ದಿನದ ರೀಡಿಂಗ್ ಕೊಡಿ, ಕೇಳಿದರೆ ಬಾಡಿಗೆ ಕರಾರು ಕಳಿಸಿ. ಕೀ ಸಿಕ್ಕ ದಿನದಿಂದ ನೀವು ಅವರ "ಡೀಮ್ಡ್ ಕಾಂಟ್ರಾಕ್ಟ್"ನಲ್ಲಿದ್ದೀರಿ, ಸಹಿ ಹಾಕದಿದ್ದರೂ. ಅದಕ್ಕೆ ಎಕ್ಸಿಟ್ ಫೀ (ಬಿಟ್ಟು ಹೋಗುವುದಕ್ಕೆ ಹಾಕುವ ಶುಲ್ಕ) ಇಲ್ಲ, ಯಾವಾಗ ಬೇಕಾದರೂ ಬಿಡಬಹುದು. ಖಾತೆ ತೆರೆಸದೆ ನೇರ ಸ್ವಿಚ್ ಮಾಡಿದರೆ ನಡುವಿನ ದಿನಗಳ ಬಿಲ್ಲು ಹೆಸರಿಲ್ಲದೆ ತೇಲುತ್ತಾ, ಕೊನೆಗೆ ವಸೂಲಿ ಪತ್ರವಾಗಿ ನಿಮ್ಮ ಬಾಗಿಲಿಗೇ ಬರುತ್ತೆ.


ದರ ನೋಡೋಣ

4ನೇ ಪ್ರಶ್ನೆಗೆ. ಹೋಲಿಕೆಯಲ್ಲಿ ಎಲ್ಲರೂ ಜಾರುವುದು ಒಂದೇ ಕಡೆ: ತಿಂಗಳ ಡೈರೆಕ್ಟ್ ಡೆಬಿಟ್ (ಬ್ಯಾಂಕ್ ಖಾತೆಯಿಂದ ತಾನಾಗೇ ಹೋಗುವ) ಮೊತ್ತ ನೋಡುವುದು. "ಅವರು 125 ಕೇಳ್ತಾರೆ, ಇವರು 110" ಅನ್ನುವುದರಿಂದ ಏನೂ ತಿಳಿಯುವುದಿಲ್ಲ, ಅದು ಸಪ್ಲೈಯರ್ ಮಾಡಿಕೊಂಡ ಅಂದಾಜು. ಕಡಿಮೆ ಕಟ್ಟಿಸಿಕೊಂಡವನು ಚಳಿಗಾಲ ಮುಗಿದ ಮೇಲೆ ಬಾಕಿ ತೋರಿಸಿ ಏರಿಸುತ್ತಾನೆ. ನೋಡಬೇಕಾದ್ದು ನಾಲ್ಕೇ ಅಂಕಿ: ಕರೆಂಟಿನ ಯೂನಿಟ್ ದರ, ಅದರ ಸ್ಟ್ಯಾಂಡಿಂಗ್ ಚಾರ್ಜ್ (ಬಳಸಿದರೂ ಬಳಸದಿದ್ದರೂ ದಿನಕ್ಕಿಷ್ಟು ಅಂತ ಕಟ್ಟುವುದು), ಗ್ಯಾಸಿನ ಯೂನಿಟ್ ದರ, ಅದರ ಸ್ಟ್ಯಾಂಡಿಂಗ್ ಚಾರ್ಜ್. ಯೂನಿಟ್ ಅಂದರೆ ಊರಲ್ಲಿ ಅನ್ನುವುದೇ, ಒಂದು ಕಿಲೋವ್ಯಾಟ್ ಅವರ್. ಗ್ಯಾಸನ್ನೂ ಇಲ್ಲಿ ಅದೇ ಯೂನಿಟ್‌ಗೆ ತಿರುಗಿಸಿ ಬಿಲ್ ಮಾಡುತ್ತಾರೆ.

ಇಲ್ಲಿನ ಇಂಧನ ನಿಯಂತ್ರಕ ಆಫ್‌ಜೆಮ್ ನಿಗದಿ ಮಾಡುವ ಪ್ರೈಸ್ ಕ್ಯಾಪ್ (ದರದ ಮೇಲ್ಮಿತಿ) ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಬದಲಾಗುತ್ತೆ. 2025ರ ಅಕ್ಟೋಬರ್–ಡಿಸೆಂಬರ್‌ಗೆ ಡೈರೆಕ್ಟ್ ಡೆಬಿಟ್‌ನವರ ಸರಾಸರಿ ದರ ಕರೆಂಟಿಗೆ 26.35 ಪೆನ್ಸ್, ಗ್ಯಾಸಿಗೆ 6.29 ಪೆನ್ಸ್ ಇತ್ತು. ದಿನದ ಸ್ಟ್ಯಾಂಡಿಂಗ್ ಚಾರ್ಜ್ 53.68 ಮತ್ತು 34.03 ಪೆನ್ಸ್. 5% ವ್ಯಾಟ್ ಇದರಲ್ಲೇ ಸೇರಿತ್ತು. ಆಗ ಪತ್ರಿಕೆಗಳಲ್ಲಿ ಬಂದ 1,755 ಪೌಂಡ್ ಅನ್ನುವುದು ಕ್ಯಾಪ್ ಅಲ್ಲ, ವರ್ಷಕ್ಕೆ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸು ಸುಡುವ ಮನೆಯ ಬಿಲ್ಲು. ಕ್ಯಾಪ್ ಇರುವುದು ದರಕ್ಕೆ. ಜಾಸ್ತಿ ಸುಟ್ಟರೆ ಬಿಲ್ಲಿಗೆ ಮೇಲ್ಮಿತಿ ಇಲ್ಲ.

ನಿಮ್ಮ ಮನೆ ವರ್ಷಕ್ಕೆ 2,400 ಯೂನಿಟ್ ಕರೆಂಟು, 9,000 ಯೂನಿಟ್ ಗ್ಯಾಸು ಅಂತ ಇಟ್ಟುಕೊಳ್ಳಿ. ಮೇಲಿನ ದರದಲ್ಲಿ ಕರೆಂಟು 632.40, ಅದಕ್ಕೆ ಸ್ಟ್ಯಾಂಡಿಂಗ್ 195.93. ಗ್ಯಾಸು 566.10, ಸ್ಟ್ಯಾಂಡಿಂಗ್ 124.21. ಒಟ್ಟು 1,518 ಪೌಂಡ್ 64 ಪೆನ್ಸ್. ಈಗ ಒಂದು ಫಿಕ್ಸ್ ಪ್ಲಾನ್ (ಒಂದು ಅವಧಿಗೆ ದರ ಬದಲಾಗದ ಪ್ಲಾನ್) ಕರೆಂಟಿಗೆ 24.5, ಗ್ಯಾಸಿಗೆ 5.9, ಸ್ಟ್ಯಾಂಡಿಂಗ್ 50 ಮತ್ತು 33 ಪೆನ್ಸ್ ಕೊಟ್ಟರೆ 1,421.95. ಉಳಿತಾಯ ಸುಮಾರು 97 ಪೌಂಡ್. ಅದೇ ಪ್ಲಾನಿಗೆ ಎಕ್ಸಿಟ್ ಫೀ ಕರೆಂಟು, ಗ್ಯಾಸು ಒಂದೊಂದಕ್ಕೆ 50 ಪೌಂಡ್ ಇದ್ದು ಆರು ತಿಂಗಳಲ್ಲಿ ನೀವು ಬಿಟ್ಟರೆ ಆ ಉಳಿತಾಯ ಹೋಗಿ ಕೈಯಿಂದಲೂ ಹೋಗುತ್ತೆ. ಫಿಕ್ಸ್ ಮುಗಿಯುವ ಕೊನೆಯ 49 ದಿನದಲ್ಲಿ ಬಿಟ್ಟರೆ ಎಕ್ಸಿಟ್ ಫೀ ಕೇಳುವಂತಿಲ್ಲ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ದರ ಊರಿಂದ ಊರಿಗೆ ಬೇರೆ. ದೇಶವನ್ನು 14 ವಿದ್ಯುತ್ ಪ್ರದೇಶ ಮಾಡಿದ್ದಾರೆ. ಲೀಡ್ಸ್‌ನ ಗೆಳೆಯರ ದರ ಕೇಳಿ ಹೋಲಿಸಬೇಡಿ, ನಿಮ್ಮ ಪೋಸ್ಟ್‌ಕೋಡ್ ಹಾಕಿ ನೋಡಿ. ಒಬ್ಬಂಟಿಯಾಗಿದ್ದು ಬಳಕೆ ತೀರಾ ಕಡಿಮೆ ಇರುವವರು ಯೂನಿಟ್ ದರಕ್ಕಿಂತ ಸ್ಟ್ಯಾಂಡಿಂಗ್ ಚಾರ್ಜ್ ಕಡೆ ಹೆಚ್ಚು ಗಮನ ಕೊಡಿ, ಊರಿಗೆ ಹೋಗಿ ಎರಡು ತಿಂಗಳು ಮನೆ ಮುಚ್ಚಿದ್ದರೂ ಅದು ಓಡುತ್ತಲೇ ಇರುತ್ತೆ.


ರೆಡಿಂಗ್ ಹೊಸಬ

ತುಂಬಾ ಉಪಕಾರ ಇಬ್ಬರಿಗೂ. ಹಬ್ ಇದೆ, ಐದು ದೀಪ ಇವೆ. ಎಸ್‌ಡಬ್ಲ್ಯೂ, ಹ್ಯಾನ್, ಗ್ಯಾಸ್ ನಿಧಾನವಾಗಿ ಮಿನುಗುತ್ತಿವೆ. ಮೆಶ್ ಆರಿದೆ. ವ್ಯಾನ್ ಮಾತ್ರ ಪಟಪಟ ಅಂತ ಮಿನುಗುತ್ತಲೇ ಇದೆ. ಡಿಸ್‌ಪ್ಲೇ ಮಾತ್ರ ಬಳಕೆ ಚೆನ್ನಾಗೇ ತೋರಿಸುತ್ತಿದೆ, ಹಾಗಾದರೆ ಸಿಗ್ನಲ್ ಇದೆ ಅಂತಲ್ಲವಾ?

ಇನ್ನೊಂದು. ಮೀಟರ್ ಕಪಾಟಿನಲ್ಲಿ ಎರಡು ಕರೆಂಟ್ ಮೀಟರ್ ಇವೆ, ನಮ್ಮದು ಮತ್ತು ಮೇಲಿನ ಮನೆಯದು. ಚೀಟಿ ಅಂಟಿಸಿದ್ದಾರೆ, ಅದನ್ನೇ ನಂಬಿದ್ದೇನೆ.


ಮೀಟರ್ ಬೋರ್ಡ್

ಚೀಟಿ ನಂಬಬೇಡಿ. ಒಂದು ಮನೆಯನ್ನು ಎರಡು ಫ್ಲಾಟ್ ಮಾಡಿದ ಕಡೆಗಳಲ್ಲಿ ಮೀಟರ್ ಅದಲುಬದಲಾಗಿರುವುದು ಬಹಳ. ಮೇಲಿನವರ ಬಿಲ್ಲು ನೀವು, ನಿಮ್ಮದು ಅವರು ಕಟ್ಟುತ್ತಾ ವರ್ಷಗಟ್ಟಲೆ ಹೋಗುತ್ತೆ.

ಪರೀಕ್ಷೆ ಸುಲಭ. ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ, ಪಕ್ಕದಲ್ಲಿ ಯೂನಿಟ್‌ಗೆ 1000 ಮಿಂಚು ಅನ್ನುವ ಅರ್ಥದ ಬರಹ ಇರುತ್ತೆ (ಕೆಲವಕ್ಕೆ ಸಂಖ್ಯೆ ಬೇರೆ, ಓದಿಕೊಳ್ಳಿ). ಮನೆಯ ಉಪಕರಣಗಳನ್ನೆಲ್ಲ ಆರಿಸಿ, ಕನ್ಸ್ಯೂಮರ್ ಯೂನಿಟ್‌ನ (ಮನೆಯ ಫ್ಯೂಸ್ ಬಾಕ್ಸ್) ಮೇನ್ ಸ್ವಿಚ್ ಆಫ್ ಮಾಡಿ. ನಿಮ್ಮ ಮೀಟರಿನ ಮಿನುಗು ಪೂರ್ತಿ ನಿಲ್ಲಬೇಕು. ಪಕ್ಕದ್ದು ನಿಂತರೆ ಅದೇ ನಿಮ್ಮದು. ಮತ್ತೆ ಆನ್ ಮಾಡಿ 3 ಕಿಲೋವ್ಯಾಟ್ ಕೆಟಲ್ ಒಂದನ್ನೇ ಹಚ್ಚಿ ನೋಡಿ, ನಿಮಿಷಕ್ಕೆ ಸುಮಾರು 50 ಸಲ ಮಿನುಗಬೇಕು. ಅಂದರೆ ಸೆಕೆಂಡಿಗೆ ಒಂದಕ್ಕಿಂತ ತುಸು ಕಡಿಮೆ. ಕೆಟಲ್ ಆರಿಸಿದ ಕೂಡಲೇ ನಿಧಾನವಾಗಬೇಕು.

ಆಮೇಲೆ ಆ ಮೀಟರಿನ ಸೀರಿಯಲ್ ನಂಬರನ್ನು ಸಪ್ಲೈಯರ್ ಖಾತೆಯಲ್ಲಿರುವುದಕ್ಕೆ ತಾಳೆ ನೋಡಿ. ಸ್ವಿಚ್ ನಡೆಯುವುದು ಮೀಟರಿನ ಮೇಲಲ್ಲ, ಎಂಪ್ಯಾನ್ ಅನ್ನುವ ನಿಮ್ಮ ಮನೆಯ ಕರೆಂಟು ಸಂಪರ್ಕದ ಗುರುತು ಸಂಖ್ಯೆಯ ಮೇಲೆ: 13 ಅಂಕಿ, ನಿಮ್ಮ ಕಡೆ 20ರಿಂದ ಶುರುವಾಗುತ್ತೆ. ಗ್ಯಾಸಿಗೆ ಎಂಪಿಆರ್‌ಎನ್, 6ರಿಂದ 10 ಅಂಕಿ. ಸೀರಿಯಲ್ ತಾಳೆಯಾಗದೆ ಸ್ವಿಚ್ ಮಾಡಿದರೆ ನೀವು ಮೇಲಿನ ಮನೆಯವರ ಕರೆಂಟನ್ನು ಬದಲಾಯಿಸಿರುತ್ತೀರಿ. ಅದಕ್ಕೆ ಎರೋನಿಯಸ್ ಟ್ರಾನ್ಸ್‌ಫರ್ ಅಂತ ಹೆಸರು. ಹಾಗಾದರೆ ಹಳೇ ಸಪ್ಲೈಯರ್, ಹೊಸ ಸಪ್ಲೈಯರ್ ಯಾರಿಗೆ ಹೇಳಿದರೂ ಸಾಕು, ಅವರವರೇ ಮಾತಾಡಿಕೊಂಡು ವಾಪಸ್ ಮಾಡಬೇಕು. ಆದರೆ ವಾರಗಳೇ ಹಿಡಿಯುತ್ತೆ. ಹತ್ತು ನಿಮಿಷದ ಕೆಟಲ್ ಪರೀಕ್ಷೆ ಅದಕ್ಕಿಂತ ವಾಸಿ.

ಡಿಸ್‌ಪ್ಲೇ ಬಗ್ಗೆ: ಅದು ಹ್ಯಾನ್ ಮೂಲಕ ನೇರ ಹಬ್ ಜೊತೆ ಮಾತಾಡುತ್ತೆ. ಹೊರಗಿನ ಸಿಗ್ನಲ್ ಸತ್ತಿದ್ದರೂ ಬಳಕೆ ತೋರಿಸುತ್ತಲೇ ಇರುತ್ತೆ. ಕರೆಂಟಿನ ಅಂಕಿ ಹತ್ತು ಸೆಕೆಂಡಿಗೊಮ್ಮೆ ಬದಲಾಗುತ್ತೆ. ಗ್ಯಾಸ್ ಮೀಟರ್ ಬ್ಯಾಟರಿಯಲ್ಲಿ ಓಡುವುದರಿಂದ ಅರ್ಧ ಗಂಟೆಗೊಮ್ಮೆ ಮಾತ್ರ ಎದ್ದು ಲೆಕ್ಕ ಒಪ್ಪಿಸಿ ಮಲಗುತ್ತೆ. ಪೌಂಡಿನ ಲೆಕ್ಕವನ್ನಂತೂ ಈಗ ನಂಬಲೇಬೇಡಿ, ಅದು ಮೀಟರಿನಲ್ಲಿ ಕೂತಿರುವ ಹಿಂದಿನವರ ದರ. ಹೊಸ ಸಪ್ಲೈಯರ್ ತನ್ನ ದರವನ್ನು ಮೀಟರಿಗೆ ಕಳಿಸುವವರೆಗೂ ಹಾಗೇ ಇರುತ್ತೆ, ಕಳಿಸಲು ವ್ಯಾನ್ ಬೇಕು.

ವ್ಯಾನ್ ಪಟಪಟ ಅನ್ನುತ್ತಿದೆ ಅಂದರೆ ಜಾಲ ಸಿಕ್ಕಿಲ್ಲ. ದಕ್ಷಿಣ ಇಂಗ್ಲೆಂಡಿನ ಹಬ್‌ಗಳು ಮೊಬೈಲ್ ಜಾಲ ಹಿಡಿಯುತ್ತವೆ, ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನವು ಆರ್ಕಿವಾ ಕಂಪನಿಯ ದೂರಗಾಮಿ ರೇಡಿಯೋ. ಮೆಟ್ಟಿಲ ಕೆಳಗಿನ ಕಪಾಟು, ದಪ್ಪ ಇಟ್ಟಿಗೆ ಗೋಡೆ, ಹಬ್‌ಗೆ ಒತ್ತಿಕೊಂಡಂತೆ ಇಟ್ಟ ಕಬ್ಬಿಣದ ಇಸ್ತ್ರಿ ಟೇಬಲ್ಲು ಇಂಥವೆಲ್ಲ ಸಿಗ್ನಲ್ ತಿನ್ನುತ್ತವೆ. ಕಪಾಟು ಖಾಲಿ ಮಾಡಿ ಒಂದೆರಡು ದಿನ ನೋಡಿ. ಹಬ್ ಕಿತ್ತು ಹಾಕುವುದು, ಸೀಲ್ ಮುಟ್ಟುವುದು ಮಾತ್ರ ಬೇಡವೇ ಬೇಡ, ಅಪಾಯವೂ ಹೌದು, ಅಪರಾಧವೂ ಹೌದು. ಆಮೇಲೂ ಹಾಗೇ ಇದ್ದರೆ ಹಾಲಿ ಸಪ್ಲೈಯರ್‌ಗೆ ಹೇಳಿ. "ಡಿಸ್‌ಪ್ಲೇ ಕೆಲಸ ಮಾಡ್ತಿಲ್ಲ" ಅಂದರೆ ಹೊಸ ಡಿಸ್‌ಪ್ಲೇ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. "ಹ್ಯಾನ್ ಸರಿ ಇದೆ, ಹಬ್‌ನ ವ್ಯಾನ್ ದೀಪ ಹೀಗೆ ಮಿನುಗುತ್ತಿದೆ" ಅಂತಲೇ ಹೇಳಿ. ಆ್ಯಂಟೆನಾ ಇರುವ ಹಬ್ಬೋ ಬೇರೆ ಹಬ್ಬೋ ಬೇಕಾಗಬಹುದು, ಅದಕ್ಕೆ ಎಂಜಿನಿಯರ್ ಬರಬೇಕು. ಖರ್ಚು ನಿಮ್ಮದಲ್ಲ.


ರೆಡಿಂಗ್ ಹೊಸಬ

ಕೆಟಲ್ ಪರೀಕ್ಷೆ ಆಯಿತು. ಚೀಟಿ ಸರಿಯಾಗೇ ಇದೆ, ನಿಮಿಷಕ್ಕೆ 49 ಎಣಿಸಿದೆ, ಸೀರಿಯಲ್ಲೂ ತಾಳೆಯಾಯಿತು. ಸದ್ಯ ವ್ಯಾನ್ ಇಲ್ಲದೆಯೇ ಸ್ವಿಚ್ ಮಾಡಿದರೆ ರೀಡಿಂಗ್ ಯಾವಾಗ, ಯಾರಿಗೆ ಕೊಡಬೇಕು? ಗ್ಯಾಸಿನದ್ದು ಎಂಟು ಅಂಕಿ ಪೂರ್ತಿ ಬರೆಯಬೇಕಾ?


ಗ್ಯಾಸ್ ಲೆಕ್ಕ

ಎಂಟೂ ಬರೆಯಬೇಡಿ! 04512.347ರಲ್ಲಿ ಕೊಡಬೇಕಾದ್ದು 04512 ಮಾತ್ರ. ಬಿಂದುವಿನ ನಂತರದ್ದು ಬಿಟ್ಟುಬಿಡಿ. ಆ್ಯಪ್‌ನಲ್ಲಿ ಬಿಂದು ತಪ್ಪಿ 4512347 ಅಂತ ಹೋದರೆ ಲಕ್ಷಗಟ್ಟಲೆ ಪೌಂಡ್ ಬಿಲ್ಲು ತಯಾರಾಗುತ್ತೆ, ಇಲ್ಲವೇ ಸಿಸ್ಟಮ್ ಅದನ್ನು ತಳ್ಳಿಹಾಕಿ ಸದ್ದಿಲ್ಲದೆ ಅಂದಾಜು ಹಾಕಿಕೊಳ್ಳುತ್ತೆ. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ನಿಮಗೆ ಗೊತ್ತೇ ಆಗುವುದಿಲ್ಲ. ಬಿಲ್ಲಿನಲ್ಲಿ ರೀಡಿಂಗ್ ಪಕ್ಕ "ಎಸ್ಟಿಮೇಟೆಡ್" ಅಂತಲೋ "ಇ" ಅಂತಲೋ ಇದೆಯಾ ನೋಡಿ.

ಹೊಸ ಗ್ಯಾಸ್ ಮೀಟರು ಎಣಿಸುವುದು ಘನ ಮೀಟರ್. ಯೂನಿಟ್ ಮಾಡುವ ಲೆಕ್ಕ: ಘನ ಮೀಟರನ್ನು 1.02264ರಿಂದ ಗುಣಿಸಿ, ಬಿಲ್ಲಿನಲ್ಲಿ ಕೊಟ್ಟ ಕ್ಯಾಲೊರಿಫಿಕ್ ವ್ಯಾಲ್ಯೂದಿಂದ (ಗ್ಯಾಸ್ ಕೊಡುವ ಶಾಖದ ಅಳತೆ) ಗುಣಿಸಿ, 3.6ರಿಂದ ಭಾಗಿಸಿ. ಆ ವ್ಯಾಲ್ಯೂ 39.5 ಇದ್ದರೆ 100 ಘನ ಮೀಟರು ಅಂದರೆ 1,122 ಯೂನಿಟ್. ಸರಿಸುಮಾರು 11ರಿಂದ ಗುಣಿಸಿದರೆ ಮನಸ್ಸಿನಲ್ಲೇ ಲೆಕ್ಕ ಸಿಗುತ್ತೆ.

ಇದನ್ನು ಒಂದು ಸಲವಾದರೂ ಕೈಯಿಂದ ಮಾಡಿ ನೋಡಿ ಅನ್ನುವುದಕ್ಕೆ ಕಾರಣ ಇದೆ. ಹಳೇ ಮೀಟರುಗಳು ನೂರು ಘನ ಅಡಿ ಲೆಕ್ಕದವು, ಅವಕ್ಕೆ ಮೊದಲು 2.83ರಿಂದ ಗುಣಿಸಬೇಕು. ಹಳೇ ಮೀಟರ್ ತೆಗೆದು ಸ್ಮಾರ್ಟ್ ಹಾಕಿದಾಗ ದಾಖಲೆಯಲ್ಲಿ ಅದು ಅಡಿ ಲೆಕ್ಕದ್ದಾಗೇ ಉಳಿದುಬಿಟ್ಟರೆ ಗ್ಯಾಸ್ ಬಿಲ್ಲು ಸುಮಾರು ಮೂರು ಪಟ್ಟು ಬರುತ್ತೆ. ಸ್ವಿಚ್ ಆದ ಮೇಲೂ ಈ ತಪ್ಪು ಹಿಂಬಾಲಿಸುತ್ತೆ. ಬಿಲ್ಲಿನಲ್ಲಿ 2.83 ಅನ್ನುವ ಅಂಕಿ ಕಂಡು, ಮೀಟರಿನ ಮುಖದ ಮೇಲೆ ಘನ ಮೀಟರ್ ಗುರುತು ಇದ್ದರೆ ಫೋಟೋ ಸಮೇತ ಬರೆಯಿರಿ.

ರೀಡಿಂಗ್ ಕೊಡುವ ಕ್ರಮ ಹೀಗೆ. ಸೈನ್ ಅಪ್ ಹೊಸ ಸಪ್ಲೈಯರ್‌ನಲ್ಲಿ ಮಾಡಿ, ಹಳೇ ಸಪ್ಲೈಯರ್‌ಗೆ ಅವರೇ ತಿಳಿಸುತ್ತಾರೆ. 2022ರ ಜುಲೈನಿಂದ ಸ್ವಿಚ್ ಐದು ಕೆಲಸದ ದಿನದಲ್ಲಿ ಮುಗಿಯುತ್ತೆ, ಬೇಕಿದ್ದರೆ ನೀವೇ ಮುಂದಿನ ದಿನಾಂಕ ಹೇಳಬಹುದು. ಮನಸ್ಸು ಬದಲಾದರೆ 14 ದಿನದ ಕೂಲಿಂಗ್ ಆಫ್ ಇದೆ. ಸ್ವಿಚ್ ದಿನ ಎರಡೂ ಮೀಟರಿನ ಫೋಟೋ ತೆಗೆದು ರೀಡಿಂಗ್ ಹೊಸಬನಿಗೆ ಕೊಡಿ. ಅದೇ ಅಂಕಿ ಹಳಬನ ಕೊನೆಯ ಬಿಲ್ಲಿಗೂ ಹೋಗುತ್ತೆ. ಆ ದಿನ ತಪ್ಪಿದರೆ ಆಚೀಚೆ ಐದು ದಿನದೊಳಗಾದರೂ ಕೊಡಿ. ತಡವಾದರೆ ಅಂದಾಜು ಹಾಕುತ್ತಾರೆ, ಆಮೇಲೆ ತಿದ್ದಿಸುವುದು ಕಷ್ಟ. ರೀಡಿಂಗ್ ಮೀಟರಿನಿಂದಲೇ ಓದಿ, ಅಡುಗೆಮನೆಯ ಡಿಸ್‌ಪ್ಲೇಯಿಂದ ಬೇಡ. ಕೀಪ್ಯಾಡ್ ಇರುವ ಮೀಟರುಗಳಲ್ಲಿ ಹೆಚ್ಚಾಗಿ 9 ಒತ್ತಿದರೆ ಬರುತ್ತೆ, ಎ-ಬಿ ಗುಂಡಿಯವುಗಳಲ್ಲಿ ಎ ಒತ್ತುತ್ತಾ ಹೋಗಿ. "ಎಕ್ಸ್‌ಪೋರ್ಟ್" ಪರದೆಯ ಅಂಕಿ ಅಲ್ಲ, "ಇಂಪೋರ್ಟ್" ಅಂಕಿ.

ಹಳಬನ ಕೊನೆಯ ಬಿಲ್ಲು ಆರು ವಾರದೊಳಗೆ ಬರಬೇಕು. ನಿಮ್ಮ ದುಡ್ಡು ಅವರ ಬಳಿ ಉಳಿದಿದ್ದರೆ ಆ ಬಿಲ್ಲಿನ ನಂತರ 10 ಕೆಲಸದ ದಿನದಲ್ಲಿ ವಾಪಸ್ ಕೊಡಬೇಕು. ಅಲ್ಲಿಯತನಕ ಹಳೆಯ ಡೈರೆಕ್ಟ್ ಡೆಬಿಟ್ ಅನ್ನು ಬ್ಯಾಂಕಿನಲ್ಲಿ ರದ್ದು ಮಾಡಬೇಡಿ, ಕೊನೆಯ ಬಿಲ್ಲು ಬಾಕಿ ಅಂತ ಬೀಳುತ್ತೆ. ದೂರು ಕೊಟ್ಟು 8 ವಾರವಾದರೂ ಬಗೆಹರಿಯದಿದ್ದರೆ ಎನರ್ಜಿ ಓಂಬುಡ್ಸ್‌ಮನ್‌ಗೆ (ಇಂಥ ದೂರು ತೀರ್ಮಾನಿಸುವ ಸ್ವತಂತ್ರ ಸಂಸ್ಥೆ) ಹೋಗಬಹುದು, ದುಡ್ಡು ಕೇಳುವುದಿಲ್ಲ. ಬಿಲ್ ಮಾಡದೆ ಬಿಟ್ಟು 12 ತಿಂಗಳಿಗಿಂತ ಹಳೆಯ ಬಳಕೆಗೆ ಈಗ ಕೇಳಿದರೆ, ತಪ್ಪು ನಿಮ್ಮದಲ್ಲದಿದ್ದಾಗ ಕಟ್ಟಬೇಕಿಲ್ಲ. "ಬ್ಯಾಕ್ ಬಿಲ್ಲಿಂಗ್" ಅನ್ನುವ ಪದವನ್ನು ದೂರಿನಲ್ಲಿ ಬಳಸಿ.


ದರ ನೋಡೋಣ

ಒಂದು ಸೇರಿಸುತ್ತೇನೆ. ರಾತ್ರಿ ಅಗ್ಗ, ಅರ್ಧ ಗಂಟೆಗೊಂದು ದರ ಅನ್ನುವ ಪ್ಲಾನುಗಳು (ಆಕ್ಟೋಪಸ್ ಅನ್ನುವ ಸಪ್ಲೈಯರ್‌ನ ಅಜೈಲ್ ಅಂಥವು) ಕಾರು ಚಾರ್ಜ್ ಮಾಡುವವರಿಗೆ, ಬಟ್ಟೆ-ಪಾತ್ರೆ ಯಂತ್ರ ರಾತ್ರಿ ಓಡಿಸಬಲ್ಲವರಿಗೆ ಲಾಭ. ಸಂಜೆ 4ರಿಂದ 7 ದುಬಾರಿ ಹೊತ್ತು, ನಮ್ಮ ಮನೆಗಳಲ್ಲಿ ಕುಕ್ಕರ್ ಕೂಗುವುದೂ ಆಗಲೇ. ನಿಮ್ಮದು ಗ್ಯಾಸ್ ಒಲೆಯಾದರೆ ಪರವಾಗಿಲ್ಲ, ಇಂಡಕ್ಷನ್ ಆದರೆ ಲೆಕ್ಕ ಹಾಕಿಯೇ ಹೋಗಿ. ಆದರೆ ಈ ಪ್ಲಾನುಗಳಿಗೆ ಅರ್ಧ ಗಂಟೆಯ ರೀಡಿಂಗ್ ಹೊರಗೆ ಹೋಗಲೇಬೇಕು. ವ್ಯಾನ್ ದೀಪ ನಿಧಾನವಾಗುವ ತನಕ ನಿಮಗೆ ಅವು ಸಿಗುವುದಿಲ್ಲ. ಈಗ ಎಕ್ಸಿಟ್ ಫೀ ಇಲ್ಲದ ಮಾಮೂಲಿ ಪ್ಲಾನಿಗೆ ಹೋಗಿ, ಹೊಸ ಸಪ್ಲೈಯರ್ ಕೈಯಲ್ಲಿ ಹಬ್ ಸರಿ ಮಾಡಿಸಿ, ಆಮೇಲೆ ಅದನ್ನು ನೋಡಿ.


ರೆಡಿಂಗ್ ಹೊಸಬ

ಸರಿ. ಇವತ್ತು ಹಾಲಿ ಸಪ್ಲೈಯರ್‌ನಲ್ಲಿ 18342, 04512 ಕೊಟ್ಟು ಖಾತೆ ತೆರೆಸಿದೆ. ಕಪಾಟಿನಿಂದ ಇಸ್ತ್ರಿ ಟೇಬಲ್ಲು, ಬಣ್ಣದ ಡಬ್ಬಿಗಳನ್ನು ತೆಗೆದಿದ್ದೇನೆ. ವ್ಯಾನ್ ದೀಪ ಶುಕ್ರವಾರದ ತನಕ ನೋಡಿ ಇಲ್ಲೇ ಬರೆಯುತ್ತೇನೆ.